ಡೆಪ್ಯುಟಿ ಚನ್ನಬಸಪ್ಪನವರು: ಊರ ಶಾಲೆ ಮತ್ತು ತಂದೆತಾಯಿಗಳ ವಿಶ್ವಾಸ

1

ಹುದ್ದೆಯ ಹೆಸರು ವ್ಯಕ್ತಿಯ ಹೆಸರಿನೊಡನೆ ಬೆರೆತು ನಿಂತದ್ದಕ್ಕೆ ಮುಂಬಯಿ ಕರ್ನಾಟಕದ ಶೈಕ್ಷಣಿಕ ಇತಿಹಾಸದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಎದ್ದು ಕಾಣುವ ನಿದರ್ಶನ. ವಿದ್ಯಾಖಾತೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಕೆಲಸ ಮಾಡಿದವರು ಹಲವರು. ಅವರಲ್ಲಿ ಬಹುಮಂದಿಯ ಹೆಸರು ಕಚೇರಿಯ ಕಡತಗಳಲ್ಲಿ ಉಳಿಯಿತು. ಚನ್ನಬಸಪ್ಪನವರ ಹೆಸರು ಮಾತ್ರ ಜನರ ನಾಲಗೆಯ ಮೇಲೆ ಹುದ್ದೆಯ ಸಮೇತ ಉಳಿದುಕೊಂಡಿತು. ಅವರು 1881ರಲ್ಲಿ ತೀರಿಕೊಂಡರು. ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಗುವುದಕ್ಕೆ ಆಗ ಇನ್ನೂ ಒಂಬತ್ತು ವರ್ಷಗಳಿದ್ದವು. ಕನ್ನಡ ನಾಡು ಒಂದಾಗುವುದಕ್ಕೆ ಮುಕ್ಕಾಲು ಶತಮಾನವೇ ಬಾಕಿಯಿತ್ತು. ಹಾಗಿದ್ದರೂ ಏಕೀಕರಣದ ಕಥೆಯನ್ನು ಹೇಳಹೊರಟವರೆಲ್ಲರೂ ಮೊದಲ ಪುಟಗಳಲ್ಲಿಯೇ ಅವರನ್ನು ನೆನೆಯುತ್ತಾರೆ.

ಈ ನೆನಕೆ ಬಹುಮಟ್ಟಿಗೆ ಭಾಷಾಭಿಮಾನದ ನೆಲೆಯದು. ಮರಾಠಿ ಶಾಲೆಗಳಿದ್ದ ಕನ್ನಡ ಊರುಗಳಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದ ಮಹನೀಯರೆಂದು ಅವರು ಪೂಜ್ಯರಾಗಿದ್ದಾರೆ. ಈ ಮಾತು ನಿಜ. ಆದರೆ ಅದು ಅವರ ಕೆಲಸದ ಅರ್ಧಭಾಗವನ್ನಷ್ಟೇ ತಿಳಿಸುತ್ತದೆ. ಶಾಲೆಯೊಂದನ್ನು ತೆರೆಯುವುದು ಸರಕಾರದ ಆಜ್ಞೆಯಿಂದ ಆಗುವ ಕಾರ್ಯ. ತೆರೆದ ಶಾಲೆಗೆ ಮಗುವನ್ನು ಕಳಿಸುವುದು ತಂದೆತಾಯಿಗಳ ತೀರ್ಮಾನ. ಆ ಶಾಲೆ ತಮ್ಮ ಮಗುವಿನ ಬಾಳಿಗೆ ಒದಗುವಂಥದೇ ಎಂದು ತೂಗಿನೋಡುವ ಅವರ ವಿವೇಕವನ್ನು ಯಾವ ಆಜ್ಞೆಯೂ ಗೆಲ್ಲಲಾರದು. ಚನ್ನಬಸಪ್ಪನವರು ತಮ್ಮ ಆಯುಷ್ಯದ ಉತ್ತಮ ಭಾಗವನ್ನು ವೆಚ್ಚ ಮಾಡಿದ್ದು ಈ ವಿಶ್ವಾಸವನ್ನು ಗಳಿಸುವುದಕ್ಕೆ. ಆ ದೃಷ್ಟಿಯಿಂದ ಅವರ ಜೀವನವನ್ನು ಮರಳಿ ನೋಡುವುದು ಉಚಿತ. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರಿಗಂತೂ ಅದು ಇಂದಿಗೂ ಪ್ರಸ್ತುತವಾದ ವಿಚಾರ.

2

ಚನ್ನಬಸಪ್ಪನವರು 1830ರ ದಶಕದ ಮೊದಲ ಭಾಗದಲ್ಲಿ ಧಾರವಾಡದಲ್ಲಿ ಜನಿಸಿದರು. ತಂದೆ ಬಸಲಿಂಗಪ್ಪನವರು. ಪೇಶವೆಯರ ಆಳ್ವಿಕೆ 1818ರಲ್ಲಿ ಕೊನೆಗೊಂಡು ಧಾರವಾಡ ಸೀಮೆ ಇಂಗ್ಲಿಷರ ವಶವಾಗಿ ಆಗ ಹದಿನೈದು ವರ್ಷಗಳಷ್ಟೇ ಸಂದಿದ್ದವು. ಪ್ರಭುಗಳು ಬದಲಾದರೂ ಕಚೇರಿಯ ಬರವಣಿಗೆ ಬೇಗ ಬದಲಾಗಲಿಲ್ಲ. ಮೋಡಿ ಲಿಪಿಯ ಮರಾಠಿಯಲ್ಲಿ ಲೆಕ್ಕಪತ್ರಗಳನ್ನು ಬರೆಯಬಲ್ಲ ಕಾರಕೂನರು ಸಿದ್ಧರಿದ್ದರು. ಹೊಸ ಅಧಿಕಾರಿಗಳು ಅವರನ್ನೇ ಅವಲಂಬಿಸಿದರು. ಹೊಲದಲ್ಲಿ, ಸಂತೆಯಲ್ಲಿ, ಮಠದಲ್ಲಿ, ಮನೆಯಲ್ಲಿ ಕನ್ನಡವೇ ಮಾತಾಗಿದ್ದ ಪ್ರದೇಶದಲ್ಲಿ ಚಾವಡಿಯ ಭಾಷೆ ಮಾತ್ರ ಬೇರೆಯಾಗಿತ್ತು. ಕನ್ನಡವನ್ನು ಪ್ರೀತಿಯಿಂದ ಕಲಿತ ವಾಲ್ಟರ್ ಎಲಿಯಟ್‌ನಂಥ ಕೆಲವು ಅಧಿಕಾರಿಗಳು ಈ ಅಸಂಗತಿಯನ್ನು ಗುರುತಿಸಿ 1830ರ ದಶಕದಲ್ಲಿಯೇ ಕನ್ನಡ ಶಾಲೆಗಾಗಿ ಶ್ರಮಿಸಿದ್ದುಂಟು. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು ತಮ್ಮ ಶಾಲೆಗಳನ್ನು ಕಟ್ಟತೊಡಗಿದರು. ಆದರೂ ಬುದ್ಧಿವಂತನಾದ ಹುಡುಗನಿಗೆ ಮುಂದಿನ ದಾರಿಯೆಂದರೆ ಪುಣೆಯ ದಾರಿಯೇ ಆಗಿತ್ತು.

ಆ ದಾರಿಯನ್ನು ಚನ್ನಬಸಪ್ಪನವರು ಅಕ್ಷರಶಃ ನಡೆದರು. ಇಂಗ್ಲಿಷ್ ವಿದ್ಯೆಯ ಹಂಬಲದಿಂದ ಮನೆಯಲ್ಲಿ ಹೇಳದೆ ಧಾರವಾಡದಿಂದ ಪುಣೆಗೆ ಕಾಲ್ನಡಿಗೆಯಲ್ಲಿ ಹೋದರೆಂಬುದು ಅವರ ಜೀವನದ ಪ್ರಸಿದ್ಧ ವೃತ್ತಾಂತ. ಮುಂಬಯಿಯಿಂದ ಠಾಣೆಗೆ ಮೊದಲ ಉಗಿಬಂಡಿ ಓಡಿದ್ದು 1853ರಲ್ಲಿ. ಧಾರವಾಡ ಸೀಮೆಗೆ ರೈಲು ಬರುವುದನ್ನು ನೋಡಲು ಚನ್ನಬಸಪ್ಪನವರು ಬದುಕಿರಲೇ ಇಲ್ಲ. ಹಾಗಾಗಿ ಆ ಪ್ರಯಾಣ ಒಬ್ಬ ತರುಣನ ಸಾಹಸವಷ್ಟೇ ಆಗಿರದೆ ಆ ಕಾಲದ ಶಿಕ್ಷಣ ವ್ಯವಸ್ಥೆಯ ಒಂದು ಚಿತ್ರವೂ ಆಗಿದೆ. ಊರಿನಲ್ಲಿ ಒಳ್ಳೆಯ ಶಾಲೆಯಿಲ್ಲದಿದ್ದರೆ ಗಟ್ಟಿಗರು ಊರು ಬಿಟ್ಟು ಕಲಿಯುತ್ತಾರೆ. ಉಳಿದವರು ಕಲಿಯದೆಯೇ ಉಳಿಯುತ್ತಾರೆ. ತಾವು ನಡೆದ ದಾರಿಯನ್ನು ಎಲ್ಲ ಮಕ್ಕಳೂ ನಡೆಯಲಾರರೆಂಬ ಅರಿವು ಅವರ ಮುಂದಿನ ಎಲ್ಲ ಕಾರ್ಯದ ಹಿಂದೆಯೂ ಇದ್ದಂತೆ ತೋರುತ್ತದೆ.

ಪುಣೆಯಲ್ಲಿ ಅವರು ಇಂಗ್ಲಿಷನ್ನೂ ಇಂಜಿನಿಯರಿಂಗ್ ವಿದ್ಯೆಯನ್ನೂ ಸಂಪಾದಿಸಿದರು. ಅಲ್ಲಿ ಇಂಜಿನಿಯರಿಂಗ್ ತರಗತಿ ಆರಂಭವಾದದ್ದು 1854ರಲ್ಲಿ; ದೇಶೀಯ ತರುಣರಿಗೆ ಅದು ಹೊಸ ಬಾಗಿಲು. ರಸ್ತೆ, ಸೇತುವೆ, ಕಟ್ಟಡಗಳ ಖಾತೆಯಲ್ಲಿ ನೆಮ್ಮದಿಯ ಬದುಕು ಅವರಿಗೆ ದೊರೆಯಬಹುದಾಗಿತ್ತು. ಆದರೆ 1860ರ ದಶಕದ ಆರಂಭದಲ್ಲಿ ಅವರು ವಿದ್ಯಾಖಾತೆಯನ್ನು ಸೇರಿ, ಕನ್ನಡ ಶಿಕ್ಷಕರನ್ನು ತಯಾರಿಸುವ ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾದರು. ವಿಭಾಗದ ಶಿಕ್ಷಣಾಧಿಕಾರಿಯಾಗಿದ್ದ ಡಬ್ಲ್ಯು. ಎ. ರಸೆಲ್ ಅವರ ಯೋಗ್ಯತೆಯನ್ನು ಗುರುತಿಸಿ ಬೆಂಬಲವಾಗಿ ನಿಂತರು.

3

ಅವರು ಕಾಲಿಟ್ಟ ಕ್ಷೇತ್ರದ ಸ್ಥಿತಿಯನ್ನು ಅರಿಯದೆ ಅವರ ಕೆಲಸದ ತೂಕ ತಿಳಿಯಲಾರದು. ಮುಂಬಯಿ ಇಲಾಖೆಯಲ್ಲಿ ಸರಕಾರಿ ಶಿಕ್ಷಣವನ್ನು 1840ರಿಂದ ಬೋರ್ಡ್ ಆಫ್ ಎಜುಕೇಶನ್ ನೋಡಿಕೊಳ್ಳುತ್ತಿತ್ತು. ಸರ್ ಎರ್ಸ್ಕಿನ್ ಪೆರಿ ಇಂಗ್ಲಿಷಿನ ಪಕ್ಷವನ್ನೂ ಕರ್ನಲ್ ಜರ್ವಿಸ್ ದೇಶಭಾಷೆಗಳ ಪಕ್ಷವನ್ನೂ ಹಿಡಿದು ಮಂಡಳಿಯಲ್ಲಿ ದೀರ್ಘ ವಾದ ನಡೆಸಿದ್ದರು. 1854ರ ವುಡ್ ನಿರೂಪದ ಫಲವಾಗಿ 1855ರಲ್ಲಿ ವಿದ್ಯಾಖಾತೆ ಅಸ್ತಿತ್ವಕ್ಕೆ ಬಂದು, ಊರೂರಿಗೆ ದೇಶಭಾಷೆಯ ಶಾಲೆ ಎಂಬ ತತ್ತ್ವ ಕಾಗದದ ಮೇಲೆ ಗೆದ್ದಿತು. ಆದರೆ ದೇಶಭಾಷೆ ಯಾವುದೆಂಬ ಪ್ರಶ್ನೆಗೆ ದಕ್ಷಿಣ ಜಿಲ್ಲೆಗಳಲ್ಲಿ ಸುಲಭವಾದ ಉತ್ತರ ದೊರೆಯಲಿಲ್ಲ. ಪುಸ್ತಕಗಳು ಮರಾಠಿಯಲ್ಲಿ ಸಿದ್ಧವಾಗಿದ್ದವು, ಶಿಕ್ಷಕರು ಮರಾಠಿ ಬಲ್ಲವರಾಗಿದ್ದರು, ಅಧಿಕಾರಿಗಳ ಕಣ್ಣಿಗೆ ದಕ್ಷಿಣ ಮಹಾರಾಷ್ಟ್ರವೆಂಬ ಹೆಸರೇ ಎಲ್ಲವನ್ನೂ ತೀರ್ಮಾನಿಸಿದಂತಿತ್ತು. ಹೀಗಾಗಿ ಕನ್ನಡ ಊರುಗಳಲ್ಲಿಯೂ ಮರಾಠಿ ಶಾಲೆಗಳು ತೆರೆದವು.

ತಂದೆತಾಯಿಗಳು ಈ ಶಾಲೆಯನ್ನು ಹೇಗೆ ತೂಗಿದರು? ಅವರ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು ಊರಿನ ಗಾವಠಿ ಶಾಲೆ, ಐಗಳ ಮಠ. ಅಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಕೊಂಡಿ-ಮಗ್ಗಿಗಳನ್ನು ಬಾಯಿಪಾಠ ಮಾಡಿ, ಲೆಕ್ಕದಲ್ಲಿ ಕೈ ಕುದುರಿದ ಮೇಲೆ ಹುಡುಗ ಅಂಗಡಿಗೋ ಹೊಲಕ್ಕೋ ಮರಳುತ್ತಿದ್ದ. ಐಗಳಿಗೆ ಕಾಳುಕಡಿ ಸಲ್ಲುತ್ತಿತ್ತು. ಕೋದಂಡದಂಥ ಶಿಕ್ಷೆಗಳ ಭಯವೂ ಇತ್ತು. ಆದರೆ ಆತ ಊರಿನವನು, ಅವನ ಮಾತು ಮಗುವಿನ ಮಾತು, ಅವನ ಕಲಿಕೆಯ ಫಲ ಎರಡು ಮೂರು ವರ್ಷಗಳಲ್ಲಿ ಮನೆಯವರ ಕಣ್ಣಿಗೆ ಬೀಳುತ್ತಿತ್ತು. ಎರಡನೆಯದು ಸರಕಾರದ ಮರಾಠಿ ಶಾಲೆ. ಅಲ್ಲಿ ಮಗುವಿಗೆ ಮೊದಲು ಭಾಷೆ ತಿಳಿಯಬೇಕು, ಆಮೇಲೆ ಪಾಠ ತಿಳಿಯಬೇಕು. ಆದರೂ ಚಾವಡಿಯ ನೌಕರಿಗೆ ಅದೇ ಮೆಟ್ಟಿಲು. ಮೂರನೆಯದು ಯಾವ ಶಾಲೆಗೂ ಕಳಿಸದಿರುವುದು. ಒಕ್ಕಲಿಗ, ನೇಕಾರ, ಕುಶಲಕರ್ಮಿ ಮನೆತನಗಳಲ್ಲಿ ಬಹುಪಾಲು ಈ ಮೂರನೆಯ ದಾರಿಯನ್ನೇ ಹಿಡಿದಿದ್ದರು.

ಈ ತೀರ್ಮಾನಗಳನ್ನು ಅಜ್ಞಾನವೆಂದು ತಳ್ಳಿಹಾಕುವುದು ಅಧಿಕಾರಿಗಳಿಗೆ ಸುಲಭವಾಗಿತ್ತು. ವಸ್ತುತಃ ಅವು ಲೆಕ್ಕಾಚಾರದ ತೀರ್ಮಾನಗಳೇ ಆಗಿದ್ದವು. ಬರವಣಿಗೆಯ ವೃತ್ತಿಯ ಮನೆತನಕ್ಕೆ ಮರಾಠಿ ಶಾಲೆಯಿಂದ ಲಾಭವಿತ್ತು, ಅವರು ಮಕ್ಕಳನ್ನು ಕಳಿಸಿದರು. ಉಳಿದವರಿಗೆ ಲಾಭ ಕಾಣಲಿಲ್ಲ, ಅವರು ಕಳಿಸಲಿಲ್ಲ. 1860ರ ದಶಕದಲ್ಲಿ ಈ ಲೆಕ್ಕಕ್ಕೆ ಹೊಸದೊಂದು ಅಂಶ ಸೇರಿತು. ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರವನ್ನು ವಸೂಲು ಮಾಡಿ, ಅದರಲ್ಲಿ ಮೂರನೆಯ ಒಂದು ಭಾಗವನ್ನು ಶಾಲೆಗಳಿಗೂ ಉಳಿದದ್ದನ್ನು ರಸ್ತೆ ಮೊದಲಾದ ಕೆಲಸಗಳಿಗೂ ಬಳಸುವ ಪದ್ಧತಿ ಮುಂಬಯಿ ಇಲಾಖೆಯಲ್ಲಿ ಬಂದಿತು. 1869ರ ಕಾಯಿದೆ ಅದನ್ನು ಶಾಸನಬದ್ಧಗೊಳಿಸಿತು. ಅಂದರೆ ಶಾಲೆಯ ಮೆಟ್ಟಿಲು ಹತ್ತದ ಮಗುವಿನ ತಂದೆಯೂ ಶಾಲೆಗಾಗಿ ಹಣ ತೆರತೊಡಗಿದ. ಹಣ ತೆತ್ತವನಿಗೆ ಶಾಲೆಯ ಗುಣವನ್ನು ಕೇಳುವ ಹಕ್ಕಿದೆ. ಆ ಹಕ್ಕನ್ನು ಮನ್ನಿಸಿದ ಅಧಿಕಾರಿಗಳಲ್ಲಿ ಚನ್ನಬಸಪ್ಪನವರು ಅಗ್ರಗಣ್ಯರು.

4

ಅವರ ಕಾರ್ಯದ ಕ್ರಮ ಗಮನಿಸತಕ್ಕದ್ದು. ಶಾಲೆಗಳ ಫಲಕ ಬದಲಿಸುವುದರಿಂದ ಅವರು ಆರಂಭಿಸಲಿಲ್ಲ, ಶಿಕ್ಷಕರಿಂದ ಆರಂಭಿಸಿದರು. ಕನ್ನಡ ಶಾಲೆಗೆ ಕನ್ನಡದಲ್ಲಿ ಗಣಿತ, ಭೂಗೋಲ, ಇತಿಹಾಸಗಳನ್ನು ಹೇಳಬಲ್ಲ ಶಿಕ್ಷಕ ದೊರೆಯದಿದ್ದರೆ ಆ ಶಾಲೆ ಮರಾಠಿ ಶಾಲೆಗಿಂತ ಕೀಳಾಗುತ್ತದೆ. ಕೀಳಾದ ಶಾಲೆಗೆ ಸ್ವಭಾಷೆಯ ಹೆಸರಿನಲ್ಲಿ ಮಕ್ಕಳನ್ನು ಕಳಿಸಿರೆಂದು ತಂದೆತಾಯಿಗಳನ್ನು ಕೇಳುವುದು ನ್ಯಾಯವಲ್ಲ. ಆದ್ದರಿಂದ ನಾರ್ಮಲ್ ಶಾಲೆಯೇ ಅವರ ಮೊದಲ ಕಾರ್ಯಕ್ಷೇತ್ರವಾಯಿತು. ಹಳ್ಳಿಗಳಿಂದ ತರುಣರನ್ನು ಹುಡುಕಿ ತಂದು, ವಿದ್ಯಾರ್ಥಿವೇತನದ ಆಸರೆಯಲ್ಲಿ ತರಬೇತಿಗೆ ಸೇರಿಸಿ, ಪಾಠ ಹೇಳುವ ಕ್ರಮವನ್ನು ಕಲಿಸಿ ಮರಳಿ ಹಳ್ಳಿಗಳಿಗೆ ಕಳಿಸುವ ಪರಿಪಾಟಿ ಬೇರೂರಿತು. ಕಟ್ಟಡಕ್ಕೆ ಮೊದಲು ತಳಪಾಯ ಎಂಬ ಇಂಜಿನಿಯರನ ಬುದ್ಧಿ ಇಲ್ಲಿ ಕೆಲಸ ಮಾಡಿದೆಯೆಂದರೆ ತಪ್ಪಾಗಲಾರದು.

ಎರಡನೆಯ ಹಂತ ಪುಸ್ತಕಗಳದು. ಮೊದಲ ಇಯತ್ತೆಯಿಂದ ಮೇಲಿನ ಇಯತ್ತೆಗಳವರೆಗೆ ಒಂದರ ಮೇಲೊಂದು ಜೋಡಿಸಿದಂತೆ ಸಾಗುವ ಕನ್ನಡ ವಾಚನಪುಸ್ತಕಗಳು, ಗಣಿತ ಭೂಗೋಲಗಳ ಪುಸ್ತಕಗಳು ಆಗ ಬೇಕಾಗಿದ್ದವು. ಮರಾಠಿಯಲ್ಲಿ ಮೇಜರ್ ಕ್ಯಾಂಡಿಯಂಥವರು ಈ ಕೆಲಸವನ್ನು ಮೊದಲೇ ಕೈಗೊಂಡಿದ್ದರು. ಕನ್ನಡದಲ್ಲಿ ಅದನ್ನು ಹೊಸದಾಗಿ ಮಾಡಬೇಕಾಯಿತು. ಪರಿಭಾಷೆಯೂ ಇರಲಿಲ್ಲ, ಎಲ್ಲರೂ ಒಪ್ಪಿದ ಗದ್ಯದ ಮಟ್ಟವೂ ಇರಲಿಲ್ಲ. ಹಳಗನ್ನಡದ ಪಂಡಿತ ಶೈಲಿ ಮಕ್ಕಳಿಗೆ ನಿಲುಕದು, ಕೇವಲ ಆಡುಮಾತು ಪುಸ್ತಕಕ್ಕೆ ಸಾಲದು ಎಂಬ ಇಕ್ಕಟ್ಟಿನಲ್ಲಿ ವಿದ್ಯಾಖಾತೆಯ ಬರೆಹಗಾರರು ಸರಳವಾದ ಹೊಸಗನ್ನಡ ಗದ್ಯವೊಂದನ್ನು ಹದಗೊಳಿಸಿದರು. ಮುಂಬಯಿ ಕರ್ನಾಟಕದ ಆಧುನಿಕ ಗದ್ಯದ ತೊಟ್ಟಿಲು ಪ್ರಾಥಮಿಕ ಶಾಲೆಯೆಂಬುದನ್ನು ಸಾಹಿತ್ಯ ಚರಿತ್ರಕಾರರು ಇನ್ನಷ್ಟು ಒತ್ತಿ ಹೇಳಬೇಕಾಗಿದೆ.

ಮೂರನೆಯದು ತಪಾಸಣೆ. ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಡೆಪ್ಯುಟಿ ಇನ್‌ಸ್ಪೆಕ್ಟರರಾಗಿ ಅವರು ಊರೂರು ತಿರುಗಿದರು. ಆ ಕಾಲದ ತಪಾಸಣೆಯೆಂದರೆ ಹಾಜರಿ ಪುಸ್ತಕ ನೋಡಿ ಸಹಿ ಹಾಕುವುದಷ್ಟೇ ಆಗಿರಲಿಲ್ಲ. ಮಗುವೊಂದೊಂದರ ಓದು, ಶುದ್ಧಲೇಖನ, ಲೆಕ್ಕಗಳನ್ನು ಪರೀಕ್ಷಿಸಿ, ಶೆರಾ ಪುಸ್ತಕದಲ್ಲಿ ಅಭಿಪ್ರಾಯ ದಾಖಲಿಸುವುದು ರೂಢಿಯಾಗಿತ್ತು. ಊರಿನ ಹಿರಿಯರ ಸಮಕ್ಷಮದಲ್ಲಿ ನಡೆಯುವ ಇಂಥ ಪರೀಕ್ಷೆ ಒಂದು ಬಗೆಯ ಬಹಿರಂಗ ಸಾಕ್ಷ್ಯ. ತನ್ನ ಮಗ ಅಪರಿಚಿತ ಅಧಿಕಾರಿಯೆದುರು ಪುಸ್ತಕ ಓದಿ ಅರ್ಥ ಹೇಳಿದ್ದನ್ನು ಕಂಡ ತಂದೆಗೆ ಶಾಲೆಯ ಗುಣದ ಬಗ್ಗೆ ಬೇರೆ ಭಾಷಣ ಬೇಕಾಗುವುದಿಲ್ಲ. ಊರಿನ ಮನೆಮಾತು ಕನ್ನಡವಾಗಿದ್ದೂ ಶಾಲೆ ಮರಾಠಿಯದಾಗಿದ್ದಲ್ಲಿ, ಜನರ ಮಾತು ಯಾವುದೆಂಬುದನ್ನು ಪ್ರತ್ಯಕ್ಷ ಕಂಡು, ಶಿಕ್ಷಕನನ್ನೂ ಪುಸ್ತಕವನ್ನೂ ಒದಗಿಸಿ, ಆ ಶಾಲೆಯನ್ನು ಕನ್ನಡಕ್ಕೆ ತಿರುಗಿಸುವುದು ಅವರ ನೀತಿಯಾಯಿತು. ರಸೆಲ್‌ರ ಬೆಂಬಲವಿಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ. ಆ ಮೇಲೆ 1872ರಲ್ಲಿ ಈ ವಿಭಾಗದ ಶಿಕ್ಷಣಾಧಿಕಾರಿಯಾಗಿ ಬಂದ ಜೆ. ಎಫ್. ಫ್ಲೀಟ್ ಕನ್ನಡ ಶಾಸನಗಳ ವಿದ್ವಾಂಸರಾಗಿ ಹೆಸರಾದವರು. ಕನ್ನಡವೂ ವಿದ್ಯೆಯ ಭಾಷೆಯಾಗಬಲ್ಲದೆಂಬ ಭಾವನೆ ಖಾತೆಯೊಳಗೆ ಮೆಲ್ಲಮೆಲ್ಲನೆ ಸ್ಥಿರವಾಯಿತು.

ನಾಲ್ಕನೆಯದು, ಮತ್ತು ತಂದೆತಾಯಿಗಳ ದೃಷ್ಟಿಯಿಂದ ಬಹುಮುಖ್ಯವಾದದ್ದು, ಕಲಿಕೆಗೂ ಜೀವನೋಪಾಯಕ್ಕೂ ಇರುವ ಸಂಬಂಧ. ದೇಶಭಾಷೆಯಲ್ಲಿ ಕಲಿತು ತೇರ್ಗಡೆಯಾದವರಿಗೆ ಕೆಳದರ್ಜೆಯ ಸರಕಾರಿ ನೌಕರಿ ದೊರಕಿಸುವ ಪರೀಕ್ಷೆ ಮುಲ್ಕಿ ಪರೀಕ್ಷೆಯೆಂದು ಹೆಸರಾಗಿ ಊರೂರಿನ ಮಾತಾಯಿತು. ಕನ್ನಡ ಶಾಲೆಯಿಂದ ಮುಲ್ಕಿ ಪಾಸಾದವನು ಶಿಕ್ಷಕನೋ ಕಾರಕೂನನೋ ಆಗಬಲ್ಲನೆಂದಾದ ಮೇಲೆ ತಂದೆಯ ತಕ್ಕಡಿಯಲ್ಲಿ ಕನ್ನಡ ಶಾಲೆಯ ಪರಡಿ ಭಾರವಾಯಿತು. ಮನೆಮಾತಿನ ಮೇಲಿನ ಮಮತೆಯೂ ಅನ್ನದ ಚಿಂತೆಯೂ ಒಂದೇ ದಿಕ್ಕಿಗೆ ತಿರುಗಿದಾಗ ಮಾತ್ರ ಊರ ಶಾಲೆ ತುಂಬುತ್ತದೆ.

5

ಶಿಕ್ಷಕರನ್ನು ಒಮ್ಮೆ ತಯಾರಿಸಿ ಕಳಿಸಿದರೆ ಕೆಲಸ ಮುಗಿಯದು. ದೂರದ ಹಳ್ಳಿಯಲ್ಲಿ ಒಂಟಿಯಾಗಿ ಪಾಠ ಹೇಳುವವನ ಉತ್ಸಾಹ ಬೇಗ ಬತ್ತುತ್ತದೆ. ಈ ಅರಿವಿನಿಂದ 1860ರ ದಶಕದಲ್ಲಿ ವಿದ್ಯಾಖಾತೆಯ ಆಶ್ರಯದಲ್ಲಿ ಹುಟ್ಟಿದ್ದು ಮಠಪತ್ರಿಕೆ. ಮಠವೆಂದರೆ ಆ ಸೀಮೆಯ ಆಡುಮಾತಿನಲ್ಲಿ ಶಾಲೆ; ಹೊಸ ಸಂಸ್ಥೆಗೆ ಹಳೆಯ ಪರಿಚಿತ ಹೆಸರನ್ನೇ ಉಳಿಸಿಕೊಂಡದ್ದು ಅರ್ಥಪೂರ್ಣ. ಅದೇ ಮುಂದೆ ಶಾಲಾಪತ್ರಿಕೆಯಾಗಿ ವೆಂಕಟ ರಂಗೋ ಕಟ್ಟಿಯವರಂಥ ಸಮರ್ಥರ ಸಂಪಾದಕತ್ವವನ್ನು ಪಡೆಯಿತು. ಜೀವನ ಶಿಕ್ಷಣವೆಂಬ ಹೆಸರಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಮುಂದುವರಿಯಿತು. ಪಾಠಕ್ರಮದ ವಿಚಾರ, ಹೊಸ ಪುಸ್ತಕಗಳ ಪರಿಚಯ, ವಿಜ್ಞಾನ ಚರಿತ್ರೆಗಳ ಲೇಖನ ಇವೆಲ್ಲ ಹಳ್ಳಿಯ ಶಿಕ್ಷಕನಿಗೆ ತಲುಪುವ ದಾರಿ ಇದರಿಂದ ತೆರೆಯಿತು.

ಚನ್ನಬಸಪ್ಪನವರ ಕಾಲದಲ್ಲಿ ವಿದ್ಯಾಖಾತೆ ಒಂದು ಸಾಹಿತ್ಯ ಪರಿಷತ್ತಿನಂತೆಯೇ ಇತ್ತು. ಕನ್ನಡ ಕಾದಂಬರಿಯ ಕರ್ತೃ ಗಂಗಾಧರ ಮಡಿವಾಳೇಶ್ವರ ತುರಮರಿಯವರು, ಶಾಕುಂತಲವನ್ನು ಕನ್ನಡಿಸಿದ ಚುರಮುರಿ ಶೇಷಗಿರಿರಾಯರು ಆ ಪೀಳಿಗೆಯವರು. ಚನ್ನಬಸಪ್ಪನವರು ತಾವೂ ಲೇಖನಿ ಹಿಡಿದರು. ಶೇಕ್ಸ್‌ಪಿಯರನ ಕಾಮೆಡಿ ಆಫ್ ಎರರ್ಸ್ ನಾಟಕವನ್ನು ಆಧರಿಸಿ ಅವರು ರಚಿಸಿದ ನಗದವರನ್ನು ನಗಿಸುವ ಕಥೆ 1871ರಲ್ಲಿ ಪ್ರಕಟವಾಯಿತು. ಶೇಕ್ಸ್‌ಪಿಯರನು ಕನ್ನಡಕ್ಕೆ ಬಂದ ಇತಿಹಾಸದ ಮೊದಲ ಕೃತಿಗಳಲ್ಲಿ ಅದಕ್ಕೆ ಸ್ಥಾನವಿದೆ. ನಾಟಕವನ್ನು ಕಥೆಯಾಗಿಸಿದ ಈ ಆಯ್ಕೆಯಲ್ಲಿಯೂ ಶಾಲಾಧಿಕಾರಿಯ ವಿವೇಕ ಕಾಣುತ್ತದೆ. ಓದಲು ಕಲಿತ ಹುಡುಗನಿಗೆ ಓದುವುದಕ್ಕೆ ಸಂತೋಷದ ಪುಸ್ತಕವೊಂದು ಬೇಕು. ಇಲ್ಲವಾದರೆ ಕಲಿತ ಅಕ್ಷರ ಕೆಲವೇ ವರ್ಷಗಳಲ್ಲಿ ಮರೆತುಹೋಗುತ್ತದೆ. ಶೇಕ್ಸ್‌ಪಿಯರನ ವಿನೋದವನ್ನು ಅವರು ಪಂಡಿತರ ಪರಿಷತ್ತಿಗಿಂತ ಮೊದಲು ಈ ಹೊಸ ಓದುಗರಿಗೆ ಉಣಬಡಿಸಿದರು.

6

ಮಹಾಪುರುಷರ ಜೀವನವನ್ನು ಬರೆಯುವಾಗ ಕಾಲದ ಮಿತಿಗಳನ್ನು ಮರೆಮಾಚುವುದು ಗೌರವದ ಲಕ್ಷಣವಲ್ಲ. ಊರ ಶಾಲೆಯೆಂಬ ಮಾತಿನಲ್ಲಿ ಊರೆಂದರೆ ಯಾರು ಎಂಬ ಪ್ರಶ್ನೆ ಅಡಗಿದೆ. ಧಾರವಾಡದಲ್ಲಿಯೇ 1856ರಲ್ಲಿ ನಡೆದ ಪ್ರಸಂಗ ಭಾರತದ ಶಿಕ್ಷಣ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಮಹಾರ ಜಾತಿಯ ಹುಡುಗನೊಬ್ಬನಿಗೆ ಅಲ್ಲಿನ ಸರಕಾರಿ ಶಾಲೆ ಪ್ರವೇಶವನ್ನು ನಿರಾಕರಿಸಿತು. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಸಲ್ಲಿಸಿದ. ಒಬ್ಬನನ್ನು ಸೇರಿಸಿದರೆ ಉಳಿದವರು ಶಾಲೆ ಬಿಡುವರೆಂಬ ಭಯದಿಂದ ಸರಕಾರ ಅವನ ಪರವಾಗಿ ನಿಲ್ಲಲಿಲ್ಲ. ಕೇಂದ್ರ ಸರಕಾರ ಇದಕ್ಕೆ ಅಸಮ್ಮತಿ ಸೂಚಿಸಿತು. 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿ ಸರಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವೆಂಬ ತತ್ತ್ವವನ್ನು ಸ್ಪಷ್ಟಪಡಿಸಿತು. ತತ್ತ್ವ ಆಚರಣೆಗೆ ಇಳಿಯಲು ತಲೆಮಾರುಗಳೇ ಹಿಡಿದವು.

ಈ ಪ್ರಸಂಗ ತಂದೆತಾಯಿಗಳ ಅಭಿಪ್ರಾಯಕ್ಕೆ ಇರುವ ಇನ್ನೊಂದು ಮುಖವನ್ನು ತೋರಿಸುತ್ತದೆ. ಶಾಲೆಯ ಗುಣವನ್ನು ಪಾಠದಿಂದ ಅಳೆಯುವವರಿರುವಂತೆ, ತಮ್ಮ ಮಗುವಿನ ಪಕ್ಕದಲ್ಲಿ ಯಾರ ಮಗು ಕೂಡುತ್ತದೆಂಬುದರಿಂದ ಅಳೆಯುವವರೂ ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಮೊದಲನೆಯ ಅಳತೆಗೆ ಅಧಿಕಾರಿ ತಲೆಬಾಗಬೇಕು. ಎರಡನೆಯದಕ್ಕೆ ತಲೆಬಾಗಿದರೆ ಶಾಲೆ ಸಾರ್ವಜನಿಕವಾಗಿ ಉಳಿಯುವುದಿಲ್ಲ. ಚನ್ನಬಸಪ್ಪನವರ ಕಾಲದ ಕನ್ನಡ ಶಾಲೆಗಳು ಹಿಂದೆ ಅಕ್ಷರದ ಸಂಪರ್ಕವೇ ಇಲ್ಲದಿದ್ದ ಅನೇಕ ಸಮುದಾಯಗಳ ಮಕ್ಕಳನ್ನು ಒಳಗೆ ತಂದವು. ಹೆಣ್ಣುಮಕ್ಕಳ ಶಿಕ್ಷಣಕ್ಕೂ ಆ ಖಾತೆಯಲ್ಲಿ ಆಗಲೇ ನಾಂದಿಯಾಯಿತು. ಆದರೂ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಬಹುಕಾಲ ಹೊಸ್ತಿಲ ಹೊರಗೇ ಉಳಿದರು. ಅವರ ತಂದೆತಾಯಿಗಳಿಗೆ ತೂಗಿನೋಡುವ ಅವಕಾಶವೇ ಇರಲಿಲ್ಲ. ಕನ್ನಡ ಶಾಲೆಯ ವಿಜಯವನ್ನು ನೆನೆಯುವಾಗ ಇದನ್ನೂ ಜೊತೆಯಲ್ಲಿಟ್ಟು ನೆನೆಯುವುದು ಸತ್ಯನಿಷ್ಠೆಗೆ ಅವಶ್ಯ.

7

ಚನ್ನಬಸಪ್ಪನವರು ಇನ್ನೂ ಐವತ್ತು ವರ್ಷ ತುಂಬುವ ಮೊದಲೇ, 1881ರಲ್ಲಿ, ಬೆಳಗಾವಿಯಲ್ಲಿ ನಿಧನ ಹೊಂದಿದರು. ಅವರು ನೆಟ್ಟದ್ದು ಮುಂದಿನ ದಶಕಗಳಲ್ಲಿ ಫಲಿಸಿತು. 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಧಾರವಾಡದಲ್ಲಿ ತಲೆಯೆತ್ತಿದವು. ಈ ಸಂಸ್ಥೆಗಳ ಸಭೆಗಳಿಗೆ ಬಂದು ಕೂತವರು, ಪತ್ರಿಕೆಗಳನ್ನು ಕೊಂಡು ಓದಿದವರು, ಬಹುಪಾಲು ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತವರೇ. ಪ್ರಾಥಮಿಕ ಶಿಕ್ಷಣದ ವಿಷಯದಲ್ಲಿ ಮುಂಬಯಿ ಇಲಾಖೆ 1918, 1923 ಮತ್ತು 1947ರ ಕಾಯಿದೆಗಳ ಮೂಲಕ ಮುಂದುವರಿದು ಕಡ್ಡಾಯ ಶಿಕ್ಷಣದ ಕಡೆಗೆ ಸಾಗಿತು. 1956ರಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಕನ್ನಡ ರಾಜ್ಯವನ್ನು ಸೇರಿದವು. ಠಾಣೆ ಜಿಲ್ಲೆ 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಚನ್ನಬಸಪ್ಪನವರ ಕಾಲದಲ್ಲಿ ಒಂದೇ ವಿದ್ಯಾಖಾತೆಯ ಕೆಳಗಿದ್ದ ಎರಡು ಸೀಮೆಗಳು ಹೀಗೆ ಬೇರೆ ಬೇರೆಯಾದವು.

ಜನರು ಮಾತ್ರ ಬೇರೆಯಾಗಲಿಲ್ಲ. ಕರಾವಳಿಯಿಂದಲೂ ವಿಜಯಪುರ ಕಲಬುರಗಿಗಳ ಬರದ ನಾಡಿನಿಂದಲೂ ಕನ್ನಡಿಗರು ಮುಂಬಯಿಗೆ, ಅಲ್ಲಿಂದ ಠಾಣೆ, ಕಲ್ಯಾಣ, ಡೊಂಬಿವಿಲಿಗಳಿಗೆ, ಬಳಿಕ ನವಿಮುಂಬಯಿಗೆ ಹರಡಿದರು. ಠಾಣೆಯ ಖಾಡಿಯ ಅಂಚಿನ ಘಣಸೋಲಿ ಅಂಥ ಒಂದು ನೆಲೆ. ಆಗ್ರಿ ಕೋಳಿ ಜನರ ಭತ್ತದ ಗದ್ದೆ ಮೀನುಗಾರಿಕೆಗಳ ಆ ಹಳ್ಳಿ, ಠಾಣೆ-ಬೇಲಾಪುರ ರಸ್ತೆಯ ಕಾರಖಾನೆಗಳಿಂದಲೂ 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯ ಯೋಜನೆಯಿಂದಲೂ ನಗರದ ಭಾಗವಾಯಿತು. 1992ರಲ್ಲಿ ನವಿಮುಂಬಯಿ ಮಹಾನಗರಪಾಲಿಕೆ ಕಾರ್ಯಾರಂಭ ಮಾಡಿತು. 2004ರಲ್ಲಿ ಠಾಣೆಯಿಂದ ತುರ್ಭೆಯ ಕಡೆಗಿನ ರೈಲು ಘಣಸೋಲಿಯನ್ನು ಹಾದು ಓಡಿತು. ಹೋಟೆಲು, ಕಾರಖಾನೆ, ಕಟ್ಟಡದ ಕೆಲಸಗಳಿಗೆ ಬಂದ ಕನ್ನಡ ಕುಟುಂಬಗಳ ಮುಂದೆ ಅಲ್ಲಿ ಇರುವ ದಾರಿಗಳೂ ಚನ್ನಬಸಪ್ಪನವರ ಕಾಲದ ದಾರಿಗಳನ್ನು ನೆನಪಿಸುವಂತಿವೆ. ಪುಸ್ತಕ, ಮಧ್ಯಾಹ್ನದ ಊಟಗಳನ್ನು ಕೊಡುವ, ಶುಲ್ಕವಿಲ್ಲದ ಪಾಲಿಕೆಯ ಶಾಲೆ ಒಂದು ಕಡೆ. ಗಳಿಕೆಯ ದೊಡ್ಡ ಪಾಲನ್ನು ಬೇಡುವ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ ಇನ್ನೊಂದು ಕಡೆ. ಮನೆಮಾತು ಕನ್ನಡವೋ ತುಳುವೋ, ಬೀದಿಯ ಮಾತು ಮರಾಠಿ, ಉದ್ಯೋಗದ ಕನಸು ಇಂಗ್ಲಿಷಿನದು.

ಇಲ್ಲಿ ಸ್ಥಾನಗಳು ಅದಲುಬದಲಾಗಿರುವುದನ್ನು ಗಮನಿಸಬೇಕು. 1860ರ ಧಾರವಾಡದಲ್ಲಿ ಮರಾಠಿ ನೌಕರಿಯ ಭಾಷೆಯಾಗಿ ನೆಲದ ಮಾತನ್ನು ಹಿಂದಕ್ಕೆ ಸರಿಸಿತ್ತು. ಘಣಸೋಲಿಯಲ್ಲಿ ನೆಲದ ಮಾತೇ ಮರಾಠಿ. ಇಂಗ್ಲಿಷಿನ ಮುಂದೆ ಹಿಂದೆ ಸರಿಯುತ್ತಿರುವ ಶಾಲೆ ಅದರದು. 2020ರಲ್ಲಿ ಮಹಾರಾಷ್ಟ್ರ ಸರಕಾರ ಎಲ್ಲ ಶಾಲೆಗಳಲ್ಲಿ ಮರಾಠಿ ಕಲಿಕೆಯನ್ನು ಕಡ್ಡಾಯಗೊಳಿಸಿ ಕಾಯಿದೆ ಮಾಡಬೇಕಾಗಿ ಬಂದದ್ದು ಇದಕ್ಕೆ ಸಾಕ್ಷಿ. ಮುಂಬಯಿಯಲ್ಲಿ ನಗರಪಾಲಿಕೆ ನಡೆಸಿಕೊಂಡು ಬಂದ ಕನ್ನಡ ಮಾಧ್ಯಮದ ಶಾಲೆಗಳ ಕಥೆಯೂ ಇದೇ. ಕಟ್ಟಡವಿದ್ದೂ ಮಕ್ಕಳು ಕಡಿಮೆಯಾಗುತ್ತ ಬಂದಿದ್ದಾರೆ. ಚನ್ನಬಸಪ್ಪನವರ ಕಾರ್ಯವನ್ನು ಕೇವಲ ಮರಾಠಿಯ ವಿರುದ್ಧ ಕನ್ನಡದ ಜಯವೆಂದು ಓದಿದವರಿಗೆ ಈ ಸ್ಥಿತಿಯಲ್ಲಿ ಅವರಿಂದ ಕಲಿಯತಕ್ಕದ್ದೇನೂ ತೋರದು. ಊರ ಶಾಲೆಯನ್ನು ತಂದೆತಾಯಿಗಳ ವಿಶ್ವಾಸಕ್ಕೆ ಅರ್ಹವಾಗಿಸಿದ ಪ್ರಯತ್ನವೆಂದು ಓದಿದರೆ ಅವರ ಕ್ರಮ ಘಣಸೋಲಿಯ ಮರಾಠಿ ಶಾಲೆಗೂ ಅಷ್ಟೇ ಸಲ್ಲುತ್ತದೆ. ನುರಿತ ಶಿಕ್ಷಕ, ಮಗುವಿಗೆ ನಿಲುಕುವ ಪುಸ್ತಕ, ಎಲ್ಲರೆದುರಿಗೆ ನಡೆಯುವ ತಪಾಸಣೆ, ಕಲಿತದ್ದಕ್ಕೆ ಬಾಳಿನಲ್ಲಿ ಬೆಲೆ, ಇವು ನಾಲ್ಕೂ ಒದಗಿದ ಶಾಲೆಯನ್ನು ಬಡ ತಂದೆ ಬಿಟ್ಟು ಹೋಗುವುದಿಲ್ಲ. ಒದಗದ ಶಾಲೆಯಲ್ಲಿ ಮಗುವನ್ನು ಉಳಿಸೆಂದು ಅವನನ್ನು ಒತ್ತಾಯಿಸುವ ನೈತಿಕ ಅಧಿಕಾರ ಯಾವ ಭಾಷಾಭಿಮಾನಿಗೂ ಇರುವುದಿಲ್ಲ.

2010ರಲ್ಲಿ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕನೆಂಬ ಪ್ರಮಾಣವನ್ನು ವಿಧಿಸಿದೆ. ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆಂದೂ ಹೇಳಿದೆ. ಕಾಯಿದೆಯ ಮಾತು ಶಾಲೆಯ ಕೋಣೆಯಲ್ಲಿ ನಿಜವಾಗಬೇಕಾದರೆ ಅದನ್ನು ಊರೂರು ತಿರುಗಿ ನೋಡುವ ಅಧಿಕಾರಿ ಬೇಕು. ವೇತನಕ್ಕಾಗಿ ಆ ಕೆಲಸ ಮಾಡಿದವರು ನೂರಾರು ಮಂದಿ. ಪ್ರತಿ ಶಾಲೆಯಲ್ಲಿಯೂ ಮನೆಗೆ ಹೇಳದೆ ಪುಣೆಗೆ ನಡೆದ ಹುಡುಗನೊಬ್ಬನನ್ನು ಕಂಡು, ಅವನು ಇನ್ನು ಮುಂದೆ ಊರು ಬಿಡಬೇಕಾಗದಂತೆ ಮಾಡಬೇಕೆಂದು ದುಡಿದವರು ವಿರಳ. ಕನ್ನಡ ಜನತೆ ಚನ್ನಬಸಪ್ಪನವರ ಹುದ್ದೆಯನ್ನು ಅವರ ಹೆಸರಿಗೆ ಕಾಯಮಾಗಿ ಸೇರಿಸಿ ಉಳಿಸಿಕೊಂಡದ್ದರ ಅರ್ಥ ಇದೇ ಇರಬೇಕು.